ಹಳೇ ಇಂಗ್ಲಿಷ್ ಲೀಫ್ಲೆಟ್ಟಿನ ಮಗುವಿನ ಸ್ವೆಟರ್: 3 ಪ್ಲೈ ಉಣ್ಣೆಯ ಲೆಕ್ಕವನ್ನು ಈಗಿನ ನೂಲಿಗೆ ಹೊಂದಿಸುವುದು ಹೇಗೆ?

ಪ್ರಶ್ನೆ: ಇಬ್ಬನಿ_ಶಿರಸಿ

ಹಳೆಯ ಇಂಗ್ಲಿಷ್ ಹೆಣಿಗೆ ಲೀಫ್ಲೆಟ್ ಒಂದಿದೆ. ಮುಂದೆ ಗುಂಡಿ ಇರುವ, ರಾಗ್ಲನ್ ತೋಳಿನ (ಕಂಕುಳಿನಿಂದ ಕತ್ತಿನವರೆಗೆ ಓರೆಯಾಗಿ ಜೋಡಿಸುವ ತೋಳು) ಸ್ವೆಟರ್, ಜೊತೆಗೆ ಕ್ರೋಶಾ ಕುಲಾವಿ. ಬೆಲೆ "6 ಡಿ" ಎಂದಿದೆ, ವರ್ಷ ಎಲ್ಲೂ ಇಲ್ಲ. ಅದರಲ್ಲಿರುವ ಲೆಕ್ಕ ಹೀಗೆ:

ಎದೆ ಸುತ್ತಳತೆ 20 ಮತ್ತು 22 ಇಂಚು, ಎರಡು ಸೈಜು. 3 ಪ್ಲೈ (ಪ್ಲೈ ಅಂದರೆ ನೂಲಿನ ದಪ್ಪದ ಲೆಕ್ಕ) ಉಣ್ಣೆ, ಸಣ್ಣ ಸೈಜಿಗೆ 3 ಔನ್ಸ್, ದೊಡ್ಡದಕ್ಕೆ 4. ಕಡ್ಡಿ 10 ನಂಬರ್, ಅಂಚಿನ ರಿಬ್ಬಿಗೆ (ಹಿಗ್ಗಿ ಕುಗ್ಗುವ ಪಟ್ಟಿಗೆ) 12 ನಂಬರ್. ಇಂಚಿಗೆ 7½ ಹೊಲಿಗೆ, 9½ ಸಾಲು. ಬೆನ್ನಿಗೆ ಸಣ್ಣ ಸೈಜಿನಲ್ಲಿ 82, ದೊಡ್ಡದರಲ್ಲಿ 90 ಹೊಲಿಗೆ ಏರಿಸಬೇಕು.

ಮಗುವಿನ ಎದೆ 22 ಇಂಚು. 4 ಪ್ಲೈ ಅಕ್ರಿಲಿಕ್ ನೂಲಿನಲ್ಲಿ 10 ನಂಬರ್ ಕಡ್ಡಿಯಿಂದ ಮಾದರಿ ತುಂಡು ಹೆಣೆದರೆ ಇಂಚಿಗೆ 6½ ಹೊಲಿಗೆ, 8½ ಸಾಲು ಬರುತ್ತಿದೆ. ಕಡ್ಡಿ ಸಣ್ಣದು ಮಾಡಬೇಕೋ, ಹೊಲಿಗೆ ಕಡಿಮೆ ಮಾಡಬೇಕೋ? ನೂಲು ಎಷ್ಟು ಗ್ರಾಂ ತರಬೇಕು? ಬೇಕಾದ ಬಣ್ಣಕ್ಕೆ ಹುಬ್ಬಳ್ಳಿಗೇ ಹೋಗಬೇಕು, ಎರಡು ಸಲ ಹೋಗುವಂತಿಲ್ಲ.

ಇದೇ ಅಳತೆಯ ಇನ್ನೊಂದು ಸ್ವೆಟರ್ ಕಾರವಾರದ ಮಗುವಿಗೆ ಹತ್ತಿ ನೂಲಿನಲ್ಲಿ ಆಗಬೇಕು. ಕುಲಾವಿಯಲ್ಲಿ "ಡಬಲ್ ಕ್ರೋಶೆ", "ಟ್ರೆಬಲ್" ಅಂತ ಬರೆದಿದೆ. ಈಗಿನ ವಿಡಿಯೋಗಳಲ್ಲಿ ತೋರಿಸುವ ಡಬಲ್ ಕ್ರೋಶೆಯೇ ಇದಾ?

ಉತ್ತರ 1: ಕಡ್ಡಿ_ನಂಬರ್_ಹತ್ತು

ಮೊದಲು ಕಾಲ ಗುರುತು ಮಾಡಿಕೊಳ್ಳಿ, ಕಡ್ಡಿಯ ಅರ್ಥ ಅದರಿಂದಲೇ ತಿಳಿಯುತ್ತದೆ. 6 ಡಿ ಅಂದರೆ ಆರು ಪೆನ್ಸ್. ಬ್ರಿಟನ್ನಿನಲ್ಲಿ ಈ "ಡಿ" ಗುರುತು 1971ರ ಫೆಬ್ರವರಿಯಲ್ಲಿ ಹೋಯಿತು, ಆಮೇಲೆ "ಪಿ" ಬಂತು. ಹಾಗಾಗಿ ನಿಮ್ಮದು 1971ಕ್ಕಿಂತ ಹಿಂದಿನದು, ಕಡ್ಡಿಯೂ ಹಳೇ ಬ್ರಿಟಿಷ್ ನಂಬರಿನದು. ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಪೂರ: 8 ನಂಬರ್ 4 ಮಿ.ಮೀ., 9 ನಂಬರ್ 3.75, 10 ನಂಬರ್ 3.25, 11 ನಂಬರ್ 3, 12 ನಂಬರ್ 2.75. ನಮ್ಮ ಅಂಗಡಿಗಳಲ್ಲಿ ಕೇಳುವ "ಹತ್ತು ನಂಬರ್" ಕೂಡ ಇದೇ. ಅಮೆರಿಕದ ಲೆಕ್ಕ ತಿರುಗುಮುರುಗು, ಅಲ್ಲಿ 10 ನಂಬರ್ ಅಂದರೆ 6 ಮಿ.ಮೀ. ದಪ್ಪದ ಕಡ್ಡಿ. ಆನ್‌ಲೈನಿನಲ್ಲಿ ತರಿಸುವುದಾದರೆ ನಂಬರ್ ಬಿಟ್ಟು ಮಿ.ಮೀ. ನೋಡಿ.

ಈಗ ಮುಖ್ಯ ವಿಷಯ. ಕಡ್ಡಿ ಸಣ್ಣದು ಮಾಡಿ 7½ಕ್ಕೆ ತರಲು ಹೋಗಬೇಡಿ. 4 ಪ್ಲೈ ನೂಲನ್ನು ಅಷ್ಟು ಬಿಗಿ ಮಾಡಿದರೆ ಬಟ್ಟೆ ಹಲಗೆಯಂತೆ ಸೆಡೆಯುತ್ತದೆ, ಬಳುಕುವುದಿಲ್ಲ, ಮಗು ತೋಳು ಮಡಚುವುದೂ ಕಷ್ಟ. ನಿಮ್ಮ 6½ ಸ್ವಲ್ಪ ಸಡಿಲವೇ ಹೌದು, ಈ ನೂಲಿಗೆ ಈ ಕಡ್ಡಿಯಲ್ಲಿ ಸಾಮಾನ್ಯವಾಗಿ 7 ಬರುತ್ತದೆ. ಆದರೆ ತುಂಡು ಮುಟ್ಟಿದರೆ ಮೆತ್ತಗಿದ್ದು, ಬೆಳಕಿಗೆ ಹಿಡಿದರೆ ಜಾಳಾಗಿ ಕಾಣದಿದ್ದರೆ ಹಾಗೇ ಇರಲಿ.

90 ಹೊಲಿಗೆಯನ್ನು 7½ರಿಂದ ಭಾಗಿಸಿದರೆ 12 ಇಂಚು. ಮುಂದಿನ ಎರಡು ಭಾಗ ಗುಂಡಿಪಟ್ಟಿ ಸೇರಿ ಇನ್ನೊಂದು 12. ಒಟ್ಟು 24, ಅಂದರೆ 22ರ ಎದೆಗೆ 2 ಇಂಚು ಸಡಿಲ. ಅದೇ 90ನ್ನು ನಿಮ್ಮ 6½ರಲ್ಲಿ ಹೆಣೆದರೆ ಸುತ್ತಳತೆ ಸುಮಾರು 27¾ ಆಗುತ್ತದೆ, ಮಗು ಸ್ವೆಟರಿನೊಳಗೆ ಮುಳುಗುತ್ತದೆ.

ಹಾಗಾಗಿ ಹೊಲಿಗೆಯ ಲೆಕ್ಕ ಸಣ್ಣ ಸೈಜಿನದು, ಉದ್ದದ ಲೆಕ್ಕ ದೊಡ್ಡ ಸೈಜಿನದು. 82ನ್ನು 6½ರಿಂದ ಭಾಗಿಸಿದರೆ 12.6, ಸುತ್ತಳತೆ ಸುಮಾರು 25¼. ಶಿರಸಿಯ ಥಂಡಿಗೆ ಒಳಗೊಂದು ಅಂಗಿ ಇದ್ದೇ ಇರುತ್ತದೆ, 3 ಇಂಚು ಸಡಿಲ ಬೇಕೇ ಬೇಕು.

ರಾಗ್ಲನ್‌ನಲ್ಲಿ ಜನ ಸಾಮಾನ್ಯವಾಗಿ ಎಡವುವುದು ಅಗಲದಲ್ಲಿ ಅಲ್ಲ, ಸಾಲಿನಲ್ಲಿ. ದೊಡ್ಡ ಸೈಜಿನಲ್ಲಿ ಒಂದು ಸಾಲು ಬಿಟ್ಟು ಒಂದರಂತೆ 28 ಸಲ ಹೊಲಿಗೆ ಇಳಿಸಲು (ಕಡಿಮೆ ಮಾಡಲು) ಹೇಳಿದೆ ಅಂತಿಟ್ಟುಕೊಳ್ಳಿ. ಅದು 56 ಸಾಲು. ಇಂಚಿಗೆ 9½ ಸಾಲಾದರೆ ಕಂಕುಳಿನಿಂದ ಕತ್ತಿಗೆ 5.9 ಇಂಚು. ನಿಮ್ಮ 8½ರಲ್ಲಿ ಅದೇ 56 ಸಾಲು 6.6 ಇಂಚಾಗಿ ಕಂಕುಳು ಜೋತು ಬೀಳುತ್ತದೆ. ಸಣ್ಣ ಸೈಜಿನಲ್ಲಿ 25 ಸಲ ಇಳಿಸುವುದಿದ್ದರೆ 50 ಸಾಲು, ನಿಮ್ಮ ಕೈಯಲ್ಲಿ ಸರಿಯಾಗಿ 5.9. ಎಷ್ಟು ಚೆನ್ನಾಗಿ ಕೂಡಿಬರುತ್ತದೆ ನೋಡಿ. ನಿಮ್ಮ ಲೀಫ್ಲೆಟ್ಟಿನಲ್ಲಿ ಎಷ್ಟು ಸಲ ಇದೆಯೋ ಅದನ್ನು ಎರಡರಿಂದ ಗುಣಿಸಿ 8½ರಿಂದ ಭಾಗಿಸಿ. 5½ರಿಂದ 6ರ ಒಳಗೆ ಬಂದರೆ ಧೈರ್ಯವಾಗಿ ಮುಂದುವರಿಯಿರಿ.

ಕಂಕುಳಿನವರೆಗಿನ ಉದ್ದವನ್ನು ಇಂಚಿನಲ್ಲೇ ಕೊಟ್ಟಿದ್ದರೆ 22ರ ಸೈಜಿನದನ್ನೇ ತೆಗೆದುಕೊಳ್ಳಿ. "60 ಸಾಲು ಹೆಣೆಯಿರಿ" ಅಂತ ಇದ್ದರೆ ಹಾಗೇ ಹೆಣೆಯಬಾರದು: 60ನ್ನು 9½ರಿಂದ ಭಾಗಿಸಿ 8½ರಿಂದ ಗುಣಿಸಿ, 54 ಸಾಲು. ಬೆನ್ನು, ಮುಂಭಾಗ, ತೋಳು ಮೂರರಲ್ಲೂ ರಾಗ್ಲನ್ ಸಾಲುಗಳ ಸಂಖ್ಯೆ ಒಂದೇ ಇರಲೇಬೇಕು, ಇಲ್ಲವಾದರೆ ಜೋಡಿಸುವಾಗ ಒಂದು ಕಡೆ ನಿರಿಗೆ ಬೀಳುತ್ತದೆ.

ಉತ್ತರ 2: ಸೀದಾ_ಉಲ್ಟಾ

ಮೇಲಿನ ಲೆಕ್ಕ ಸರಿ. ನೂಲಿನ ತೂಕದ ಬಗ್ಗೆ ಹೇಳುತ್ತೇನೆ. ಒಂದು ಔನ್ಸ್ ಅಂದರೆ 28.35 ಗ್ರಾಂ, 4 ಔನ್ಸ್ ಅಂದರೆ 113. ಆದರೆ ಈ ಅಂಕಿ ನಿಮಗೆ ಉಪಯೋಗಕ್ಕಿಲ್ಲ. ಅದು ಸಪೂರ ಉಣ್ಣೆಯ ತೂಕ, ನಿಮ್ಮದು ಬೇರೆ ನೂಲು, ಬೇರೆ ದಪ್ಪ.

ನಂಬಬಹುದಾದ ದಾರಿ ಮಾದರಿ ತುಂಡನ್ನೇ ತೂಗುವುದು. 6 ಇಂಚು ಚೌಕದ ತುಂಡು ಹೆಣೆದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಡಿ. 9 ಗ್ರಾಂ ಬಂತು ಅಂದುಕೊಳ್ಳಿ. ಆ ತುಂಡು 36 ಚದರ ಇಂಚು. ಸ್ವೆಟರಿನ ಮೈ 25¼ ಗುಣಿಸು 12½, ಸುಮಾರು 315. ತೋಳು ಸರಾಸರಿ 8 ಇಂಚು ಅಗಲ, 10 ಉದ್ದ, ಎರಡಕ್ಕೆ 160. ಪಟ್ಟಿ, ಕತ್ತು 25. ಒಟ್ಟು 500. ಅದನ್ನು 36ರಿಂದ ಭಾಗಿಸಿ 9ರಿಂದ ಗುಣಿಸಿದರೆ 125 ಗ್ರಾಂ. ನೂರಕ್ಕೆ ಹದಿನೈದು ಸೇರಿಸಿ, 144. 150 ಗ್ರಾಂ ತನ್ನಿ. ಎಲ್ಲ ಉಂಡೆಗಳ ಲೇಬಲ್ಲಿನಲ್ಲೂ ಡೈ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು) ಒಂದೇ ಇರಬೇಕು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎರಡು ಲಾಟಿನ ಬಿಳಿ ಒಂದೇ ಥರ ಕಾಣುತ್ತದೆ. ಮನೆಯ ಅಂಗಳದ ಬಿಸಿಲಿಗೆ ಬಂದಾಗ ತೋಳು ಒಂದು ಬಣ್ಣ, ಮೈ ಒಂದು ಬಣ್ಣ!

ಇನ್ನು ಹಳೇ ಸಂಕೇತಗಳು. ಹೊಸ ವಿಡಿಯೋ ನೋಡಿ ಅರ್ಥ ಮಾಡಿಕೊಂಡರೆ ಕೈಕೊಡುವುದು "ಎಂ.1". ಈಗ ಅದರರ್ಥ ಎರಡು ಹೊಲಿಗೆಯ ನಡುವಿನ ಎಳೆಯನ್ನು ಎತ್ತಿ ಹಿಂದಿನಿಂದ ಹೆಣೆಯುವುದು, ತೂತು ಬೀಳುವುದಿಲ್ಲ. ಹಳೆಯ ಬ್ರಿಟಿಷ್ ಲೀಫ್ಲೆಟ್ಟುಗಳಲ್ಲಿ ಬಹಳ ಕಡೆ "ಎಂ.1" ಅಂದರೆ ನೂಲನ್ನು ಮುಂದೆ ತಂದು ಕಡ್ಡಿಗೆ ಸುತ್ತುವುದು, ತೂತು ಬೀಳಲೇಬೇಕು. ಜಾಲರಿ ವಿನ್ಯಾಸದಲ್ಲಿ ಇದನ್ನು ಅದಲುಬದಲು ಮಾಡಿದರೆ ಹೊಲಿಗೆಯ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಎಣಿಸಿದರೂ ತಪ್ಪು ಸಿಗುವುದಿಲ್ಲ, ಚಿತ್ರ ಮಾತ್ರ ಮೂಡುವುದಿಲ್ಲ. ಮೊದಲ ಪುಟದಲ್ಲಿ ಸಂಕೇತಗಳ ಚೌಕ ಇರುತ್ತದೆ, ಅದನ್ನೇ ಪ್ರಮಾಣ ಅಂತಿಟ್ಟುಕೊಳ್ಳಿ.

ರಾಗ್ಲನ್ ಇಳಿಸುವಾಗ ಸಾಲಿನ ಆರಂಭದಲ್ಲಿ ಒಂದನ್ನು ಹೆಣೆಯದೆ ಜಾರಿಸಿ, ಮುಂದಿನದನ್ನು ಸೀದಾ ಹೆಣೆದು, ಜಾರಿಸಿದ್ದನ್ನು ಅದರ ಮೇಲಿಂದ ದಾಟಿಸಿ. ಅದು ಎಡಕ್ಕೆ ವಾಲುತ್ತದೆ. ಸಾಲಿನ ಕೊನೆಯಲ್ಲಿ ಎರಡನ್ನು ಕೂಡಿಸಿ ಹೆಣೆಯಿರಿ, ಅದು ಬಲಕ್ಕೆ. ಎರಡೂ ತುದಿಯಲ್ಲಿ ಒಂದೇ ವಿಧಾನ ಮಾಡಿದರೆ ಒಂದು ಹೆಗಲಿನ ಗೆರೆ ನೇರ ಓಡುತ್ತದೆ, ಇನ್ನೊಂದು ಹಲ್ಲು ಹಲ್ಲಾಗುತ್ತದೆ.

ಕತ್ತಿನ ಪಟ್ಟಿಯ ಹೊಲಿಗೆ ಮುಚ್ಚುವಾಗ ಎರಡು ಅಳತೆ ದಪ್ಪದ ಕಡ್ಡಿ ಹಿಡಿಯಿರಿ. ಹೆಣೆದದ್ದು 12 ನಂಬರಿನಲ್ಲಾದರೆ ಮುಚ್ಚುವುದು 10ರಲ್ಲಿ. ಇಷ್ಟು ಸಣ್ಣ ವಿಷಯಕ್ಕೆ ಎಷ್ಟೋ ಸ್ವೆಟರ್ ಪೆಟ್ಟಿಗೆ ಸೇರಿವೆ.

ಒಂದು ಎಚ್ಚರಿಕೆ. ಅಕ್ರಿಲಿಕ್ಕಿಗೆ ಇಸ್ತ್ರಿ ಮುಟ್ಟಿಸಬೇಡಿ. ಲೀಫ್ಲೆಟ್ಟಿನ ಕೊನೆಯಲ್ಲಿ "ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ" ಅಂತಿರುವುದು ಉಣ್ಣೆಗೆ. ಅಕ್ರಿಲಿಕ್ ಬಿಸಿಗೆ ಚಪ್ಪಟೆಯಾಗಿ ಜೀವ ಕಳೆದುಕೊಳ್ಳುತ್ತದೆ, ರಿಬ್ಬಿನ ಹಿಡಿತ ಮತ್ತೆ ಬರುವುದಿಲ್ಲ.

ಉತ್ತರ 3: ಕಾಳಿ_ಸಂಗಮ

ಕಾರವಾರದ ಸ್ವೆಟರನ್ನು ಬೇರೆಯಾಗಿಯೇ ಯೋಚಿಸಿ. ಘಟ್ಟದ ಮೇಲಿನ ಲೆಕ್ಕ ಘಟ್ಟದ ಕೆಳಗೆ ನಡೆಯುವುದಿಲ್ಲ. ಇಲ್ಲಿ ಮಗುವಿಗೆ ಬೇಕಾದದ್ದು ಬೆಳಗಿನ ಸಮುದ್ರದ ಗಾಳಿಗೆ, ಎಸಿ ಬಸ್ಸಿಗೆ ಒಂದು ತೆಳು ಹೊದಿಕೆ. ಹತ್ತಿ ಸರಿಯಾದ ಆಯ್ಕೆ. ಆದರೆ ಹತ್ತಿಗೆ ಉಣ್ಣೆಯ ಹಾಗೆ ಎಳೆದರೆ ಹಿಂದಕ್ಕೆ ಬರುವ ಗುಣವಿಲ್ಲ. ಆದ್ದರಿಂದ 12 ನಂಬರಿನ ರಿಬ್ ಎರಡೇ ವಾರದಲ್ಲಿ ಗಂಟೆಯ ಬಾಯಿಯಂತೆ ಅಗಲವಾಗುತ್ತದೆ. ರಿಬ್ಬನ್ನು 13 ನಂಬರಿನಲ್ಲಿ (2.25 ಮಿ.ಮೀ.) ಹೆಣೆಯಿರಿ. ಇಲ್ಲವೇ ರಿಬ್ಬನ್ನೇ ಬಿಟ್ಟು ಬರೀ ಸೀದಾ ಸಾಲುಗಳ ಚಪ್ಪಟೆ ಅಂಚು ಹಾಕಿ. ನನ್ನ ಮತ ಎರಡನೆಯದಕ್ಕೆ. ಅಲ್ಲಿ ಹಿಡಿತದ ನಿರೀಕ್ಷೆಯೇ ಇರುವುದಿಲ್ಲ, ಕೆಡುವುದಕ್ಕೂ ಏನಿಲ್ಲ.

ಹತ್ತಿಯ ಮಾದರಿ ತುಂಡನ್ನು ಅಳೆಯುವ ಮೊದಲು ಒಗೆಯಲೇಬೇಕು. ಒಗೆದು, ಸಮತಟ್ಟಾಗಿ ಹಾಸಿ ಒಣಗಿಸಿ, ಆಮೇಲೆ ಅಳೆಯಿರಿ. ಹತ್ತಿ ಉದ್ದದಲ್ಲಿ ಕುಗ್ಗುತ್ತದೆ, ಅಗಲದಲ್ಲಿ ಅಷ್ಟಾಗಿ ಇಲ್ಲ. ಕೆಂಪು, ಕಡುನೀಲಿಯಾದರೆ ಒದ್ದೆ ತುಂಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒತ್ತಿ ನೋಡಿ. ಬಣ್ಣ ಹತ್ತಿದರೆ ಆ ನೂಲನ್ನು ಬಿಳಿಯ ಜೊತೆ ಪಟ್ಟೆಗೆ ಬಳಸಬೇಡಿ.

ಸ್ವೆಟರನ್ನು ತಂತಿಗೆ ನೇತು ಹಾಕುವಂತಿಲ್ಲ, ನೀರಿನ ಭಾರಕ್ಕೆ ತೋಳು ಮೊಣಕಾಲಿಗೆ ಬರುತ್ತದೆ. ಟವೆಲಿನಲ್ಲಿ ಸುರುಳಿ ಸುತ್ತಿ ಹಿಂಡಿ, ಚಾಪೆಯ ಮೇಲೆ ಹಾಸಿ. ಮಳೆಗಾಲದಲ್ಲಿ ಫ್ಯಾನಿನ ಕೆಳಗೂ ಒಂದೂವರೆ ದಿನ ಬೇಕಾಗುತ್ತದೆ. ಪೂರ್ತಿ ಒಣಗದೆ ಮಡಚಿಟ್ಟರೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ, ಆ ಚುಕ್ಕೆ ಹೋಗುವುದಿಲ್ಲ.

ಅಕ್ರಿಲಿಕ್, ಹತ್ತಿ ಎರಡಕ್ಕೂ ನುಸಿಗುಳಿಗೆಯ ಅಗತ್ಯವೇ ಇಲ್ಲ, ನುಸಿಯ ಮರಿಹುಳು ತಿನ್ನುವುದು ಉಣ್ಣೆ, ರೇಷ್ಮೆಯಂಥದ್ದನ್ನು. ಇದನ್ನು ಒತ್ತಿ ಹೇಳುತ್ತೇನೆ: ನುಸಿಗುಳಿಗೆಯ ಜೊತೆ ಇಟ್ಟ ಬಟ್ಟೆಯನ್ನು ಕೂಸಿಗೆ ಹಾಕಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಗುಳಿಗೆಯ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆಯುತ್ತದೆ, ಕೊರತೆ ಇರುವುದು ಎಷ್ಟೋ ಸಲ ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಉತ್ತರ 4: ಸರಪಳಿ_ಕಂಬ

ಕುಲಾವಿಗೆ ಬರುತ್ತೇನೆ. ಅಲ್ಲ, ಅದು ವಿಡಿಯೋದ ಡಬಲ್ ಕ್ರೋಶೆ ಅಲ್ಲ. ಬ್ರಿಟಿಷರ ಡಬಲ್ ಕ್ರೋಶೆ ಅಂದರೆ ಅಮೆರಿಕದ ಸಿಂಗಲ್ ಕ್ರೋಶೆ, ಗಿಡ್ಡ ಹೊಲಿಗೆ. ಬ್ರಿಟಿಷರ ಟ್ರೆಬಲ್ ಅಂದರೆ ಅಮೆರಿಕದ ಡಬಲ್, ಕಡ್ಡಿಗೆ ಒಮ್ಮೆ ನೂಲು ಸುತ್ತಿ ಹಾಕುವ ಕಂಬ. ಬಹುತೇಕ ವಿಡಿಯೋಗಳು ಅಮೆರಿಕದ ಹೆಸರು ಬಳಸುತ್ತವೆ.

ಲೀಫ್ಲೆಟ್ ಎಲ್ಲಿಯದು ಅಂತ ತಿಳಿಯದಿದ್ದರೆ ಮೊದಲ ಸಾಲು ನೋಡಿ. "ಕಡ್ಡಿಯಿಂದ 4ನೇ ಚೈನಿಗೆ (ಸರಪಳಿ ಹೊಲಿಗೆಗೆ) ಟ್ರೆಬಲ್" ಅಂದರೆ ಬ್ರಿಟಿಷ್, "5ನೇ ಚೈನಿಗೆ ಟ್ರೆಬಲ್" ಅಂದರೆ ಅಮೆರಿಕದ್ದು. ಹಳೇ ಬ್ರಿಟಿಷ್ ಬರಹದಲ್ಲಿ "ಸಿಂಗಲ್ ಕ್ರೋಶೆ" ಅಂತ ಕಂಡರೆ ಅದು ಸ್ಲಿಪ್ ಸ್ಟಿಚ್, ಎತ್ತರವೇ ಇಲ್ಲದ ಜೋಡಿಸುವ ಹೊಲಿಗೆ.

ತಪ್ಪಾಗಿ ಓದಿದ್ದು ಎರಡನೇ ಸುತ್ತಿನಲ್ಲೇ ಗೊತ್ತಾಗುತ್ತದೆ. ನೆತ್ತಿಯ ಚಕ್ರ ಕಂಬದಲ್ಲಾದರೆ 12, 24, 36 ಹೀಗೆ ಸುತ್ತಿಗೆ 12 ಏರಬೇಕು. ಗಿಡ್ಡ ಹೊಲಿಗೆಯಾದರೆ 6, 12, 18. ಕಂಬದ ಸಂಖ್ಯೆಗೆ ಗಿಡ್ಡ ಹೊಲಿಗೆ ಹಾಕಿದರೆ ಅಂಚು ಅಲೆಅಲೆಯಾಗುತ್ತದೆ, ಅದಲುಬದಲಾದರೆ ಬಟ್ಟಲಾಗುತ್ತದೆ.

ತಲೆ 19 ಇಂಚು ಇದ್ದರೆ ಹತ್ತಿ ಕುಲಾವಿಯ ಸುತ್ತಳತೆ 18½ ಇರಲಿ. ಅದನ್ನು 3.14ರಿಂದ ಭಾಗಿಸಿ: ಚಕ್ರ 5.9 ಇಂಚು ಅಡ್ಡಳತೆಗೆ ಬಂದಾಗ ಏರಿಸುವುದು ನಿಲ್ಲಿಸಿ ನೇರ ಇಳಿಯಿರಿ. ಗಲ್ಲದ ಕೆಳಗೆ ಕಟ್ಟುವ ಉದ್ದ ರಿಬ್ಬನ್ ಬಿಡಿ, ನಿದ್ದೆಯಲ್ಲಿ ಕತ್ತಿಗೆ ಸುತ್ತಿಕೊಳ್ಳುವ ಅಪಾಯ ಇದೆ. ಬದಲಿಗೆ 1 ಇಂಚು ಅಗಲದ ಚಿಕ್ಕ ಪಟ್ಟಿ, ಪಕ್ಕಕ್ಕೆ ಒಂದು ಗುಂಡಿ. ಮಲಗಿಸುವಾಗ ಕುಲಾವಿಯನ್ನೇ ತೆಗೆದಿಡಿ.

ಪ್ರಶ್ನೆ ಕೇಳಿದವರು: ಇಬ್ಬನಿ_ಶಿರಸಿ

ಎಲ್ಲರಿಗೂ ಧನ್ಯವಾದ. ಸಣ್ಣ ಸೈಜಿನಲ್ಲಿ 25 ಸಲವೇ ಇಳಿಸಬೇಕು, ಲೆಕ್ಕ ಕೂಡಿತು. ಹತ್ತಿಯ ತುಂಡು 10 ನಂಬರಿನಲ್ಲಿ ಒಗೆಯುವ ಮೊದಲು ಇಂಚಿಗೆ 7 ಹೊಲಿಗೆ, 9 ಸಾಲು. ಒಗೆದ ಮೇಲೆ ಹೊಲಿಗೆ ಅಷ್ಟೇ, ಸಾಲು 9½. ಇದಕ್ಕೂ 82 ಸಾಕಾ?

ಉತ್ತರ 5: ಕಾಳಿ_ಸಂಗಮ

ಬೇಡ, ಇದಕ್ಕೆ 90. 82 ಆದರೆ ಸುತ್ತಳತೆ 23½ಕ್ಕೂ ಕಡಿಮೆ. ಸೆಕೆಯ ಊರಿನಲ್ಲಿ ಮೈಗೆ ಅಂಟುವ ಹತ್ತಿ ಸ್ವೆಟರನ್ನು ಯಾವ ಮಗುವೂ ಹಾಕಿಸಿಕೊಳ್ಳುವುದಿಲ್ಲ. 90 ಆದರೆ 25¾, ಗಾಳಿ ಆಡುತ್ತದೆ. ಒಗೆದ ಮೇಲೆ ಸಾಲು 9½ ಬಂದಿರುವುದರಿಂದ ರಾಗ್ಲನ್ ಭಾಗವನ್ನು ದೊಡ್ಡ ಸೈಜಿಗೆ ಬರೆದಂತೆಯೇ ಹೆಣೆಯಿರಿ. ಅಲ್ಲಿ ಸಾಲನ್ನೇ ಎಣಿಸಿ, ಕಡ್ಡಿಯಲ್ಲಿರುವಾಗ ಟೇಪಿನಲ್ಲಿ ಉದ್ದವಾಗಿ ಕಂಡರೂ ಗಾಬರಿ ಬೇಡ, ಒಗೆತದಲ್ಲಿ ಸರಿಹೋಗುತ್ತದೆ. ಇಂಚಿನಲ್ಲಿ ಕೊಟ್ಟ ಕಡೆ ಮಾತ್ರ ಕುಗ್ಗುವ ಪಾಲು ಸೇರಿಸಬೇಕು: 7 ಇಂಚು ಅಂದಲ್ಲಿ 7.4, ತೋಳಿನ 8½ಕ್ಕೆ 9. ಗುಂಡಿ ಹೊಲಿಯುವುದನ್ನು ಮೊದಲ ಒಗೆತ ಆದಮೇಲೆ ಇಟ್ಟುಕೊಳ್ಳಿ. ಪಟ್ಟಿ ಕುಗ್ಗಿದ ನಂತರ ಗುಂಡಿಯ ಜಾಗ ಕಾಜಾದ ನೇರಕ್ಕೆ ಗುರುತು ಹಾಕಿಕೊಂಡರೆ ಎದೆಯ ಮೇಲೆ ಬಟ್ಟೆ ಉಬ್ಬುವುದಿಲ್ಲ.