‘ಕಂಡುಬಂದಿದೆ’: ಸಂಶೋಧನಾ ಲೇಖನದಲ್ಲಿ ಇದು ನೋಡಿದ್ದೋ, ಊಹಿಸಿದ್ದೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು, ಇನ್ನೆರಡು ಅದಕ್ಕೆ ಅಂಟಿಕೊಂಡೇ ಬರುತ್ತವೆ. ನಾನಿರುವುದು ವಿರಾಜಪೇಟೆ ಕಡೆ. ಕಾಫಿ ತೋಟ, ಮಳೆ, ದೇವರಕಾಡು ಇಂಥ ವಿಷಯಗಳ ಮೇಲೆ ಕನ್ನಡದಲ್ಲಿ ಸಂಶೋಧನಾ ಲೇಖನ ಬರೆಯುವ ಹುಡುಗ ಹುಡುಗಿಯರ ಕರಡು ಓದಿ ತಿದ್ದಿಕೊಡುತ್ತೇನೆ. ಕಾಗುಣಿತದ ಕೆಲಸ ಬೇಗ ಮುಗಿಯುತ್ತದೆ. ತಲೆ ಕೆಡಿಸುವುದು ‘ಕಂಡುಬಂದಿದೆ’.

ಈ ಎರಡು ಸಾಲು ನೋಡಿ, ಉದಾಹರಣೆಗೆಂದು ನಾನೇ ಕಟ್ಟಿದ್ದು: ‘ಸಿಲ್ವರ್ ಓಕ್ ಜಾಸ್ತಿ ಇರುವ ತೋಟಗಳಲ್ಲಿ ಕಡಿಮೆ ಬಗೆಯ ಹಕ್ಕಿಗಳು ಕಂಡುಬಂದಿವೆ. ಕಾಡುಮರಗಳನ್ನು ಕಡಿದದ್ದೇ ಇದಕ್ಕೆ ಕಾರಣ ಎಂಬುದು ಕಂಡುಬಂದಿದೆ.’ ಎರಡೂ ಮುಗಿಯುವುದು ಒಂದೇ ಥರ. ಆದರೆ ಮೊದಲನೆಯದು ಬೆಳಗ್ಗೆ ತೋಟದಲ್ಲಿ ನಿಂತು ಹಕ್ಕಿ ಎಣಿಸಿದವರ ಮಾತು, ಎರಡನೆಯದು ಮನೆಗೆ ಬಂದು ಯೋಚನೆ ಮಾಡಿ ಹೇಳಿದ ಮಾತು. ಕಾರಣವನ್ನು ಯಾರೂ ಕಣ್ಣಾರೆ ಕಂಡಿಲ್ಲ, ಅಲ್ವಾ? ಆ ತೋಟದಲ್ಲಿ ಔಷಧಿ ಜಾಸ್ತಿ ಹೊಡೆದಿರಬಹುದು. ಹೋಲಿಕೆಗೆ ತೆಗೆದುಕೊಂಡ ಇನ್ನೊಂದು ತೋಟ ದೇವರಕಾಡಿನ ಅಂಚಿನಲ್ಲೇ ಇದ್ದಿರಬಹುದು. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಬೇಗ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯುವಾಗ ಕಾಡುಮರದಷ್ಟು ತಾಪತ್ರಯ ಇಲ್ಲ ಅಂತ ನಮ್ಮಲ್ಲಿ ನೆಡುತ್ತಾರೆ. ಹಾಗಾಗಿ ‘ಕಾರಣ’ ಎಂದು ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ. ‘ಕಂಡುಬಂದಿದೆ’ ಅಂದುಬಿಟ್ಟರೆ ಅಷ್ಟೂ ಪ್ರಶ್ನೆ ಅಲ್ಲೇ ಮುಚ್ಚಿಹೋಗುತ್ತವೆ.

ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಅನ್ನುವ ನಾಲ್ಕು ಭಾಗದ ಕಟ್ಟು ಈಗ ಎಲ್ಲರಿಗೂ ಗೊತ್ತು. ದೊಡ್ಡ ವೈದ್ಯಕೀಯ ಪತ್ರಿಕೆಗಳಲ್ಲಿ 1980ರ ದಶಕದ ಹೊತ್ತಿಗೆ ಇದೇ ರೂಢಿಯಾಗಿತ್ತು. ಫಲಿತಾಂಶ ಮತ್ತು ಚರ್ಚೆಯನ್ನು ಬೇರೆ ಇಡುವುದು ಸುಮ್ನೆ ಅಲ್ಲ. ನೀವು ಎಣಿಸಿದ್ದನ್ನು ನಾನು ಒಪ್ಪಿಕೊಂಡು, ನೀವು ಕೊಟ್ಟ ಕಾರಣವನ್ನು ಮಾತ್ರ ಒಪ್ಪದೆ ಇರಲು ಓದುವವಳಾಗಿ ನನಗೆ ಜಾಗ ಬೇಕು. ಕನ್ನಡದಲ್ಲಿ ನಾವು ತಲೆಬರಹ ಬೇರೆ ಮಾಡಿ, ಕ್ರಿಯಾಪದದಲ್ಲಿ ಎರಡನ್ನೂ ಮತ್ತೆ ಒಂದು ಮಾಡುತ್ತಿದ್ದೇವೆ.

ಅದಕ್ಕೆ ನಾನು ಕರಡು ತಿದ್ದುವಾಗ ಪ್ರತಿ ವಾಕ್ಯದ ಕೊನೆಯ ಕ್ರಿಯಾಪದಕ್ಕೆ ಗೆರೆ ಎಳೆಸುತ್ತೇನೆ. ಆಮೇಲೆ ಆ ಗೆರೆ ಎಳೆದದ್ದನ್ನಷ್ಟೇ ಓದಿಸುತ್ತೇನೆ. ಫಲಿತಾಂಶದಲ್ಲಿ ‘ಇತ್ತು’, ‘ಸಿಕ್ಕಿತು’, ‘ಎಣಿಸಿದೆವು’ ಬರಲಿ. ಚರ್ಚೆಯಲ್ಲಿ ‘ಇರಬಹುದು’, ‘ಎಂದು ತೋರುತ್ತದೆ’ ಬರಲಿ. ಇದಕ್ಕೆ ಮಾರ್ಗದರ್ಶಕರಿಂದ ಆಕ್ಷೇಪ ಬರುತ್ತದೆ: ‘ಇರಬಹುದು’ ಅಂದರೆ ಬರೆದವರಿಗೇ ನಂಬಿಕೆ ಇಲ್ಲದ ಹಾಗೆ, ‘ನಾವು’ ಅಂದರೆ ದೊಡ್ಡಸ್ತಿಕೆ, ‘ಅಳೆಯಲಾಯಿತು’ ಅಂತಲೇ ಬರೆಯಬೇಕು ಎಂದು. ನನಗೆ ಇದು ಒಪ್ಪಿಗೆಯಿಲ್ಲ.

‘ಮಳೆಯನ್ನು ಅಳೆಯಲಾಯಿತು’ ಅನ್ನುವುದನ್ನೇ ತೆಗೆದುಕೊಳ್ಳಿ. ಅಳೆದವರು ಯಾರು? ನಮ್ಮ ಕೊಡಗಿನಲ್ಲಿ ಹೆಚ್ಚಿನ ಸಲ ಅದು ತೋಟದ ಮಾಲೀಕರೋ ರೈಟರೋ (ತೋಟದ ಲೆಕ್ಕಪತ್ರ ನೋಡುವವರು) ಬರೆದಿಟ್ಟ ಪುಸ್ತಕದ ಲೆಕ್ಕ, ಅದೂ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ‘ಎರಡಿಂಚು ನಲವತ್ತು ಸೆಂಟ್’ ಬಂತು ಅಂದರೆ ಸುಮಾರು 61 ಮಿಲಿಮೀಟರ್. ಅದೇ ಲೇಖನದಲ್ಲಿ ತೋಟದ ಅಳತೆಯೂ ಸೆಂಟಿನಲ್ಲೇ ಇರುತ್ತದೆ, ಅಲ್ಲಿ ನೂರು ಸೆಂಟಿಗೆ ಒಂದು ಎಕರೆ! ಇಲ್ಲಿಯವರಿಗೆ ಗೊಂದಲ ಆಗುವುದಿಲ್ಲ, ಧಾರವಾಡದಲ್ಲಿ ಓದುವವರಿಗೆ ಆಗಬಹುದು. ವಿಧಾನದ ಭಾಗದಲ್ಲಿ ‘ತೋಟದ ಮಳೆ ಪುಸ್ತಕದಿಂದ ತೆಗೆದುಕೊಂಡೆವು, ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿದೆವು’ ಎಂದು ಬರೆದರೆ ಎಲ್ಲ ತಿಳಿಯಾಗುತ್ತದೆ. ಇದರಲ್ಲಿ ದೊಡ್ಡಸ್ತಿಕೆ ಎಲ್ಲಿ ಬಂತು?

ಇನ್ನೆರಡು ಪದ ಅಂದೆನಲ್ಲ. ಒಂದು ‘ಫಲಿತಾಂಶ’. ಕಿವಿಗೆ ಎಸ್ಸೆಸ್ಸೆಲ್ಸಿ, ಚುನಾವಣೆ ಎರಡೂ ಬರುತ್ತವೆ, ಆದರೂ ನಡೆಯುತ್ತದೆ. ಇನ್ನೊಂದು ಕಷ್ಟದ್ದು, ಇಂಗ್ಲಿಷಿನ ‘ಸಿಗ್ನಿಫಿಕೆಂಟ್’: ಸಂಖ್ಯಾಶಾಸ್ತ್ರದ ಲೆಕ್ಕ ಹಾಕಿ, ಈ ವ್ಯತ್ಯಾಸ ಬರೀ ಆಕಸ್ಮಿಕ ಅನ್ನುವುದು ಕಷ್ಟ ಎಂದು ತೋರಿಸುವಾಗ ‘ಗಮನಾರ್ಹ’ ಎನ್ನುತ್ತಾರೆ, ‘ಸಾರ್ಥಕ’ ಎಂದೂ ಬರೆಯುತ್ತಾರೆ. ಸಾರ್ಥಕ ಅಂದರೆ ನಮಗೆ ಬದುಕು ನೆನಪಾಗುತ್ತದೆ. ಗಮನಾರ್ಹ ಅಂದರೆ ದೊಡ್ಡ ವ್ಯತ್ಯಾಸ ಅಂತ ಅರ್ಥವಾಗುತ್ತದೆ. ಮಾದರಿ ದೊಡ್ಡದಿದ್ದರೆ ತೀರಾ ಸಣ್ಣ ವ್ಯತ್ಯಾಸವೂ 0.05ರ ಗಡಿಯೊಳಗೆ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ ಎಂಬ ಗಡಿ) ಬಂದುಬಿಡುತ್ತದೆ, ಅದನ್ನು ಗಮನಾರ್ಹ ಅನ್ನುವುದು ಹೇಗೆ?

ಹಾಗಾಗಿ ತಿಳಿದವರು ಹೇಳಿ. ಲೆಕ್ಕದ ಈ ಅರ್ಥಕ್ಕೆ ನಿಮ್ಮ ಕಡೆ ಯಾವ ಪದ ಬಳಕೆಯಲ್ಲಿದೆ? ‘ಕಂಡುಬಂದಿದೆ’ಯನ್ನು ನಿಜವಾಗಿ ಕಂಡದ್ದಕ್ಕೆ ಮಾತ್ರ ಮೀಸಲಿಟ್ಟು ಬರೆದವರು ಇದ್ದರೆ, ಚರ್ಚೆಯ ಭಾಗದ ಒಂದೆರಡು ಸಾಲು ಹಾಕಿ. ಹುಡುಗರಿಗೆ ತೋರಿಸಬೇಕು.