ಇಮ್ಯಾಟಿನಿಬ್‌ಗೆ ಜಗ್ಗದ ಸಿಎಂಎಲ್ ಆಕರಕೋಶಗಳು: ಮುಂದೆ ಯಾವ ಸಂಕೇತ ಮಾರ್ಗ ತಡೆಯಬೇಕು?

ಪ್ರಶ್ನೆ
ಕ್ರಾನಿಕ್ ಹಂತದ ಸಿಎಂಎಲ್‌ನ (ಒಂದು ಬಗೆಯ ರಕ್ತದ ಕ್ಯಾನ್ಸರ್) ಸಿಡಿ34+ ಕೋಶಗಳಿಗೆ (ಆಕರಕೋಶಗಳೂ ಅವುಗಳ ಮೊದಲ ಸಂತತಿಯೂ ಸೇರಿದ ಗುಂಪು), ಪ್ರತಿ ವಿಭಜನೆಗೂ ಅರ್ಧವಾಗುವ ಸಿಎಫ್‌ಎಸ್‌ಇ ಬಣ್ಣ ಹಾಕಿ, 5 ಮೈಕ್ರೋಮೋಲಾರ್ ಇಮ್ಯಾಟಿನಿಬ್‌ನಲ್ಲಿ (ಸಿಎಂಎಲ್‌ಗೆ ಕಾರಣವಾದ ಬಿಸಿಆರ್-ಎಬಿಎಲ್ ಪ್ರೋಟೀನ್ ತಡೆಯುವ ಔಷಧ) 72 ಗಂಟೆ ಇಟ್ಟಿದ್ದೇವೆ. ಮೀಡಿಯಂನಲ್ಲಿ ಬೆಳವಣಿಗೆ ಪ್ರೋಟೀನ್‌ಗಳಾದ ಎಸ್‌ಸಿಎಫ್ 100, ಐಎಲ್-3 20 ನ್ಯಾನೊಗ್ರಾಂ/ಮಿ.ಲೀ. ಇದೆ. ವೆಸ್ಟರ್ನ್ ಬ್ಲಾಟ್‌ನಲ್ಲಿ ಫಾಸ್ಫೊ-ಸಿಆರ್‌ಕೆಎಲ್ (ಬಿಸಿಆರ್-ಎಬಿಎಲ್ ಚಟುವಟಿಕೆಯ ಸೂಚಕ) ಚೆನ್ನಾಗಿಯೇ ಇಳಿದಿದೆ. ಆದರೆ ಒಮ್ಮೆಯೂ ವಿಭಜನೆಯಾಗದ ಕೋಶಗಳು ಔಷಧ ಹಾಕದ ಕಂಟ್ರೋಲ್‌ಗಿಂತ ಹೆಚ್ಚು ಉಳಿದಿವೆ. ಔಷಧ ಒಳಗೆ ಹೋಗುತ್ತಿಲ್ಲವೇ?

ಉತ್ತರ 1
ನಿಮ್ಮ ಬ್ಲಾಟ್ ಹೇಳುತ್ತಿರುವುದು ಸಿಡಿ38+ ಗುಂಪಿನ (ಬಲಿಯತೊಡಗಿದ ಕೋಶಗಳ) ಕಥೆ. ಆಕರಕೋಶಗಳು ಅದರಲ್ಲಿ ಚಿಟಿಕೆಯಷ್ಟೂ ಇಲ್ಲ. ಕೋಶಗಳನ್ನು ಫಿಕ್ಸ್ ಮಾಡಿ, ವಿಭಜನೆಯಾಗದ ಗೇಟ್‌ನೊಳಗೇ ಫ್ಲೋ ಸೈಟೊಮೆಟ್ರಿಯಲ್ಲಿ (ಕೋಶಗಳನ್ನು ಒಂದೊಂದಾಗಿ ಅಳೆಯುವ ವಿಧಾನ) ಫಾಸ್ಫೊ-ಸಿಆರ್‌ಕೆಎಲ್ ನೋಡಿ. ಆ ಗೇಟ್ ಗುರುತಿಸಲು ಕಾಲ್ಸೆಮಿಡ್ (ವಿಭಜನೆ ತಡೆಯುವ ಔಷಧ) ಹಾಕಿದ ಟ್ಯೂಬ್ ಬೇಕೇ ಬೇಕು. ಸಿಡಿ38 ಮೇಲೆ ಬೇರ್ಪಡಿಸುವುದಿದ್ದರೆ ಕಲ್ಚರ್‌ಗೆ ಮುಂಚೆಯೇ ಮಾಡಿ, ಆಮೇಲೆ ಆ ಗುರುತು ನಂಬಿಕೆಗೆ ಯೋಗ್ಯವಲ್ಲ.

ಅಲ್ಲೂ ಇಳಿದಿದ್ದರೆ ಔಷಧ ತನ್ನ ಕೆಲಸ ಮಾಡಿದೆ ಎಂದೇ ಅರ್ಥ. ಈ ಕೋಶಗಳು ಬದುಕಲು ಬಿಸಿಆರ್-ಎಬಿಎಲ್ ಚಟುವಟಿಕೆಯನ್ನೇ ನಂಬಿಲ್ಲ ಎಂಬುದು 2011ರಲ್ಲೇ ಗೊತ್ತಾಗಿದೆ. ನನ್ನ ಮೊದಲ ಅನುಮಾನ ನಿಮ್ಮ ಮೀಡಿಯಂ ಮೇಲೆ: ಅಷ್ಟು ಐಎಲ್-3 ಇದ್ದರೆ ಜ್ಯಾಕ್2-ಸ್ಟ್ಯಾಟ್5 ಎಂಬ, ಕೋಶಗಳನ್ನು ಬದುಕಿಸುವ ಸಂಕೇತ ದಾರಿ ಬಿಸಿಆರ್-ಎಬಿಎಲ್ ಇಲ್ಲದೆ ಬೇರೆಯಾಗಿಯೇ ಉರಿಯುತ್ತದೆ. ಐಎಲ್-3 ಬಿಟ್ಟು, ಎಸ್‌ಸಿಎಫ್ 0.2, ಜಿಎಂ-ಸಿಎಸ್‌ಎಫ್ 0.2, ಜಿ-ಸಿಎಸ್‌ಎಫ್ 1, ಐಎಲ್-6 1 ನ್ಯಾನೊಗ್ರಾಂ/ಮಿ.ಲೀ.ಗೆ ಇಳಿಸಿ ಮತ್ತೆ ಮಾಡಿ.

ಉತ್ತರ 2
ಕಂಟ್ರೋಲ್‌ಗಿಂತ ಹೆಚ್ಚು ಉಳಿಯುವುದು ವಿಚಿತ್ರವೇನಲ್ಲ. ಬಿಸಿಆರ್-ಎಬಿಎಲ್ ನಿಂತರೆ ಎಕೆಟಿ (ಕೋಶದ ಬೆಳವಣಿಗೆಗೆ ಒತ್ತು ಕೊಡುವ ಕಿಣ್ವ) ತಗ್ಗುತ್ತದೆ, ಅಲ್ಲಿಯವರೆಗೆ ಸೈಟೊಪ್ಲಾಸಂನಲ್ಲಿ ಕಟ್ಟಿಬಿದ್ದಿದ್ದ ಫಾಕ್ಸೊ ಪ್ರೋಟೀನ್ ನ್ಯೂಕ್ಲಿಯಸ್ ಸೇರಿ ಕೋಶಚಕ್ರವನ್ನು ಜಿ1ನಲ್ಲಿ (ಡಿಎನ್‌ಎ ನಕಲಾಗುವ ಮುಂಚಿನ ಹಂತ) ನಿಲ್ಲಿಸುತ್ತದೆ. ಅಂದರೆ ಇಮ್ಯಾಟಿನಿಬ್ ಅವನ್ನು ಕೊಲ್ಲುವ ಬದಲು ಮಲಗಿಸುತ್ತಿದೆ. ಇಲಿಗಳಲ್ಲಿ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್ ಕೂಡ ಫಾಕ್ಸೊ3ಎ ಮೂಲಕ ಇದನ್ನೇ ಮಾಡುತ್ತದೆ.

ಆಕರಕೋಶಗಳನ್ನು ಉಳಿಸುವ ಇನ್ನೊಂದು ಮಾರ್ಗವಾದ ವಿಂಟ್-ಬೀಟಾ ಕ್ಯಾಟೆನಿನ್ ತಡೆ ಆಕರ್ಷಕ. ಆದರೆ ಸ್ಟ್ರೋಮಾ (ಮಜ್ಜೆಯ ಆಧಾರ ಕೋಶಗಳು) ಇಲ್ಲದ ತಟ್ಟೆಯಲ್ಲಿ ಅದರ ಪರಿಣಾಮ ಅಳೆಯುವುದು ವ್ಯರ್ಥ. ಕೋಶಗಳನ್ನು ಸ್ಟ್ರೋಮಾಗೆ ಅಂಟಿಸುವ ಎನ್-ಕ್ಯಾಡ್ಹೆರಿನ್ ಹಿಡಿತದಿಂದ ಸಿಗುವ ರಕ್ಷಣೆ ಅಲ್ಲಿ ಇರುವುದೇ ಇಲ್ಲ. ಇಮ್ಯಾಟಿನಿಬ್ ಸಿಎಕ್ಸ್‌ಸಿಆರ್4 (ಸ್ಟ್ರೋಮಾದ ಸಂಕೇತ ಹಿಡಿಯುವ ಗ್ರಾಹಿ) ಏರಿಸಿ ಕೋಶಗಳನ್ನು ಸ್ಟ್ರೋಮಾ ಕಡೆಗೇ ಎಳೆಯುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ ಕೇಳಿದವರು
ಹಾಗಾದರೆ ಜೊತೆಗೆ ರುಕ್ಸೊಲಿಟಿನಿಬ್ (ಜ್ಯಾಕ್2 ತಡೆಯುವ ಔಷಧ) ಹಾಕಿ ನೋಡಬಹುದೇ?

ಉತ್ತರ 3
ನೋಡಿ, ಆದರೆ ಆರೋಗ್ಯವಂತರ ಸಿಡಿ34+ ಕೋಶಗಳನ್ನು ಅದೇ ಪ್ರಮಾಣದಲ್ಲಿ ಪಕ್ಕದಲ್ಲೇ ಇಡಿ. ಜ್ಯಾಕ್2 ಅವಕ್ಕೂ ಬೇಕು. ಇನ್ನೊಂದು: ಕ್ರಾನಿಕ್ ಹಂತದ ಸಿಡಿ34+ಸಿಡಿ38- ಗುಂಪಿನಲ್ಲಿ ಸಹಜ ಆಕರಕೋಶಗಳೂ ಬೆರೆತಿರುತ್ತವೆ. ಉಳಿದದ್ದು ಅವೇ ಆಗಿರಬಹುದು. ಮೊದಲೇ ಸಿಡಿ26 (ಸಿಎಂಎಲ್ ಆಕರಕೋಶಗಳ ಗುರುತು) ಮೇಲೆ ಬೇರ್ಪಡಿಸಿ, ಕೊನೆಗೆ ಫಿಶ್‌ನಲ್ಲಿ (ಹೊಳೆಯುವ ಡಿಎನ್‌ಎ ತುಣುಕಿನಿಂದ ಜೀನ್ ಹುಡುಕುವ ಪರೀಕ್ಷೆ) ಬಿಸಿಆರ್-ಎಬಿಎಲ್ ಖಚಿತಪಡಿಸಿ. ಅನೆಕ್ಸಿನ್ (ಸಾಯುತ್ತಿರುವ ಕೋಶಗಳ ಗುರುತು) ಸಂಖ್ಯೆ ನೋಡಿ ತೀರ್ಮಾನಕ್ಕೆ ಬರಬೇಡಿ. ಔಷಧ ತೊಳೆದು, 5 ವಾರ ಸ್ಟ್ರೋಮಾ ಮೇಲೆ ಬೆಳೆಸಿ, ಬಳಿಕ 2 ವಾರ ಮೀಥೈಲ್‌ಸೆಲ್ಯುಲೋಸ್‌ನಲ್ಲಿ ಕಾಲೊನಿ ಎಣಿಸಿ.