‘ಗ್ಯಾಸ್ ಆರಿಸಿ’ ಅಂದರೆ ಯಾವುದನ್ನು ಆರಿಸಬೇಕು? ಕ್ಯಾರವಾನ್ ಫಲಕಕ್ಕೆ ಪದಗಳು ಬೇಕು

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ನನ್ನ ಪರಿಚಯದವರೊಬ್ಬರು ಕ್ಯಾರವಾನ್, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಗಾಡಿ, ಬಾಡಿಗೆಗೆ ಕೊಡುತ್ತಾರೆ. ಒಲೆ, ಫ್ರಿಜ್, ಗೀಸರ್ ಎಲ್ಲವೂ ಗ್ಯಾಸಿನ ಮೇಲೆ ನಡೆಯುವಂಥ ಗಾಡಿ. ಒಳಗೆ ಅಂಟಿಸುವ ಸೂಚನೆಗಳು ಮರಾಠಿಯಲ್ಲಿವೆ. ಸೊಲ್ಲಾಪುರ, ಬೆಳಗಾವಿ ಕಡೆಯವರು, ಮುಂಬೈಯ ಕರಾವಳಿ ಕುಟುಂಬಗಳು ಜಾಸ್ತಿ ಬರುತ್ತಾರೆ, ಕನ್ನಡದಲ್ಲೂ ಬರೆದುಕೊಡಿ ಅಂದರು. ಆಧಾರಕ್ಕೆ ಒಂದು ಅಮೆರಿಕನ್ ಕೈಪಿಡಿ ಕೊಟ್ಟಿದ್ದಾರೆ. ಸುಲಭ ಅಂದುಕೊಂಡು ಕೂತೆ, ಮೊದಲ ಸಾಲಿಗೇ ತಡವರಿಸಿದೆ.

ತೊಡಕು ‘ಆರಿಸು’ ಪದದ್ದು. ಮನೆಯಲ್ಲಿ ‘ಗ್ಯಾಸ್ ಆರಿಸು’ ಅಂದರೆ ಒಲೆಯ ನಾಬ್ ತಿರುಗಿಸು ಅಂತ ಎಲ್ಲರಿಗೂ ಗೊತ್ತು. ಆದರೆ ಆರುವುದು ಉರಿ, ಗ್ಯಾಸಲ್ಲ. ಗಾಳಿ ಬೀಸಿ ಒಲೆ ಆರಿದಾಗ ಗ್ಯಾಸ್ ಬರುತ್ತಲೇ ಇರುತ್ತದೆ ಅಲ್ವಾ? ಕೈಪಿಡಿ ಹೇಳುವುದು ಬೇರೆ. ಗಾಡಿ ಹೊರಡುವ ಮೊದಲು ಸಿಲಿಂಡರಿನ ಹತ್ತಿರವೇ ಗ್ಯಾಸ್ ನಿಲ್ಲಿಸಬೇಕು. ಪೆಟ್ರೋಲ್ ಬಂಕಿಗೆ ನುಗ್ಗುವ ಮೊದಲಂತೂ ಮರೆಯಲೇಬಾರದು. ಇಂಥ ಫ್ರಿಜ್ಜಿನ ಹಿಂದೆ ಒಂದು ಸಣ್ಣ ಉರಿ ಇರುತ್ತದೆ. ಅದರ ಶಾಖದಿಂದಲೇ ಫ್ರಿಜ್ ತಂಪಾಗುವುದು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ‘ಆರಿಸಿ’ ಅಂತ ಬರೆದರೆ ಜನ ಒಲೆ ನೋಡುತ್ತಾರೆ, ಆರಿಸಿದ್ದೀವಲ್ಲ ಅಂತ ಹೊರಟುಬಿಡುತ್ತಾರೆ.

‘ಬಂದ್ ಮಾಡಿ’ ಎಂದರೆ ಪುಣೆಯ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ಆದರೆ ಅದು ಒಲೆಗೂ ಸಲ್ಲುತ್ತದೆ, ಸಿಲಿಂಡರಿಗೂ ಸಲ್ಲುತ್ತದೆ. ಅಮೆರಿಕದ ಸಿಲಿಂಡರಿಗೆ ತಲೆಯ ಮೇಲೆ ಕೈಯಲ್ಲಿ ತಿರುಗಿಸುವ ಚಕ್ರ ಇದೆ, ಅವರು ‘ಮುಚ್ಚಿ’ ಅಂದರೆ ಸಾಕು. ನಮ್ಮದರಲ್ಲಿ ಇರುವುದು ರೆಗ್ಯುಲೇಟರಿನ ಗುಂಡಿ. ಹಾಗಾಗಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಹೊರಡುವ ಮೊದಲು ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ. ಒಲೆ ಆರಿಸಿದರೆ ಸಾಲದು.’ ಸಾಲು ಉದ್ದವಾಯಿತು, ಆದರೆ ಕೈ ಎಲ್ಲಿಗೆ ಹೋಗಬೇಕು ಅನ್ನುವುದು ಖಚಿತ.

ಕೈಪಿಡಿಯಲ್ಲಿ ಗ್ಯಾಸಿಗೆ ಇರುವ ಪ್ರೊಪೇನ್ ಎಂಬ ಹೆಸರನ್ನು ಬಿಟ್ಟೇಬಿಟ್ಟೆ. ಅದು −42 ಡಿಗ್ರಿಯಲ್ಲೂ ಆವಿಯಾಗುತ್ತದೆ, ಬ್ಯೂಟೇನ್ ಎಂಬ ಇನ್ನೊಂದು ಗ್ಯಾಸ್ ಸೊನ್ನೆಯ ಹತ್ತಿರವೇ ಮುಷ್ಕರ ಹೂಡುತ್ತದೆ. ಅದಕ್ಕೇ ಚಳಿ ದೇಶದವರಿಗೆ ಪ್ರೊಪೇನ್ ಬೇಕು. ನಮ್ಮ ಸಿಲಿಂಡರಿನಲ್ಲಿ ಎರಡೂ ಬೆರೆತಿರುತ್ತವೆ. ಇಲ್ಲಿ ‘ಗ್ಯಾಸ್’ ಸಾಕು.

ನಿಜವಾದ ಕಗ್ಗಂಟು ಅಲಾರಂಗಳದ್ದು. ಗಾಡಿಯಲ್ಲಿ ಎರಡಿವೆ. ಒಂದು ನೆಲದ ಹತ್ತಿರ, ಗ್ಯಾಸ್ ಸೋರಿದರೆ ಕೂಗುವುದು. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಸೋರಿದರೆ ಕೆಳಗೇ ಕೂರುತ್ತದೆ. ಇನ್ನೊಂದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗ್ಯಾಸಿನದು. ಇದು ಸೋರುವುದಲ್ಲ, ಉರಿ ಸರಿಯಾಗಿ ಉರಿಯದಿದ್ದರೆ ಹುಟ್ಟುವುದು. ಕಿಟಕಿ ಮುಚ್ಚಿಕೊಂಡು ಚಳಿಗೆ ಒಲೆ ಹಚ್ಚಿದರೂ ಬರಬಹುದು, ಜನರೇಟರಿನಿಂದಲೂ ಬರಬಹುದು. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ನಿಂತಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತದ್ದು ಇದರಿಂದಲೇ.

ಎರಡಕ್ಕೂ ‘ಗ್ಯಾಸ್ ಅಲಾರಂ’ ಅಂದರೆ ಅನಾಹುತ. ಸೋರಿಕೆ ಇದ್ದಾಗ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಫ್ಯಾನ್ ಆಫ್ ಮಾಡಲೂ ಬಾರದು. ಬಾಗಿಲು ತೆರೆದು ಎಲ್ಲರೂ ಇಳಿಯಬೇಕು. ಎರಡನೆಯದು ಕೂಗಿದರೂ ಇಳಿಯಲೇಬೇಕು. ಆದರೆ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ನಮಗೆ ಗೊತ್ತಿರುವ ಆ ‘ಗ್ಯಾಸ್ ವಾಸನೆ’ ಸೋರಿಕೆ ಗೊತ್ತಾಗಲಿ ಅಂತಲೇ ಸಿಲಿಂಡರಿನ ಗ್ಯಾಸಿಗೆ ಸೇರಿಸಿದ್ದು. ಹಾಗಾಗಿ ‘ವಾಸನೆ ಏನೂ ಬರ್ತಿಲ್ಲ, ಸುಮ್ನೆ ಕೂಗ್ತಿದೆ’ ಅಂತ ಅಲಾರಂ ನಿಲ್ಲಿಸಿ ಮಲಗುವವರು ಇದ್ದೇ ಇರುತ್ತಾರೆ. ತಲೆನೋವು, ತಲೆಸುತ್ತು ಬಂದರೂ ಘಟ್ಟದ ತಿರುವಿನ ಆಯಾಸ ಅಂದುಕೊಳ್ಳುತ್ತಾರೆ.

ಇದಕ್ಕೆ ಪತ್ರಿಕೆಗಳು ಬಳಸುವ ‘ವಿಷಾನಿಲ’ ಕಾರ್ಖಾನೆಯನ್ನು ನೆನಪಿಸುತ್ತದೆ. ‘ಹೊಗೆ’ ಅನ್ನೋಣ ಅಂದರೆ ಕಣ್ಣಿಗೆ ಕಾಣದ್ದಕ್ಕೆ ಆ ಹೆಸರು ಹೇಗೆ? ನನಗೆ ಹೊಳೆದದ್ದು ‘ಸೋರಿಕೆ ಅಲಾರಂ’, ‘ವಿಷಗಾಳಿ ಅಲಾರಂ’. ಎರಡನೆಯದರ ಕೆಳಗೆ ‘ವಾಸನೆ ಇರುವುದಿಲ್ಲ’ ಎಂಬ ಸಾಲು.

ಇನ್ನೊಂದು ಚಿಕ್ಕದು. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೆರೆದ ಜಾಗ ಇರುತ್ತದೆ. ಸೋರಿದ ಗ್ಯಾಸ್ ಅಲ್ಲಿಂದ ಇಳಿದು ಹೋಗಲಿ ಅಂತ. ಧೂಳು ಬರುತ್ತದೆಂದು ಬಟ್ಟೆ ತುರುಕುವವರಿದ್ದಾರಂತೆ. ಗೆಳೆಯರೊಬ್ಬರು ‘ಗವಾಕ್ಷಿ’ ಸೂಚಿಸಿದರು. ಗವಾಕ್ಷಿ ಅಂದರೆ ಯಾರಾದರೂ ತಲೆ ಎತ್ತಿ ನೋಡುತ್ತಾರೆ! ‘ತಳದ ಕಿಂಡಿ’ ಅಂತ ಇಟ್ಟಿದ್ದೇನೆ.

ಈಗ ನಿಮ್ಮನ್ನು ಕೇಳುವುದು: ಧಾರವಾಡ, ಕಲಬುರಗಿ ಕಡೆ ರೆಗ್ಯುಲೇಟರಿಗೂ ‘ಆರಿಸು’ ಅಂತಾರಾ, ‘ಬಂದ್ ಮಾಡು’ ಅಂತಾರಾ? ಕರಾವಳಿಯವರ ‘ನಂದಿಸು’ ಉರಿಗೆ ಮಾತ್ರವೋ, ಗ್ಯಾಸಿಗೂ ಉಂಟೋ? ‘ವಿಷಗಾಳಿ’ಗಿಂತ ಚೆನ್ನಾದದ್ದು ಯಾರಿಗಾದರೂ ಹೊಳೆದರೆ ತಿಳಿಸಿ. ಫಲಕ ಅಂಗೈಯಗಲ ಇದೆ, ಸಮಾಸಪದಗಳಿಗೆ ಜಾಗ ಇಲ್ಲ.